‘ಒಮ್ಮೆ ನೋಡಬಹುದು’ ಎಂಬಲ್ಲಿಗೆ ನಿಂತುಬಿಡುವ ವಿಮರ್ಶೆ

ಪ್ರಶ್ನೆ: ನೋಡಿದ ಸಿನಿಮಾ, ಓದಿದ ಕಾದಂಬರಿಗಳ ಬಗ್ಗೆ ಹವ್ಯಾಸಕ್ಕೆಂದು ಬರೆಯುತ್ತೇನೆ. ಏನೇ ಬರೆದರೂ ಮುಕ್ಕಾಲು ಪಾಲು ಕಥೆಯೇ ಆಗುತ್ತದೆ. ಕೊನೆಗೆ ‘ಛಾಯಾಗ್ರಹಣ ಚೆನ್ನಾಗಿದೆ, ದ್ವಿತೀಯಾರ್ಧ ಸ್ವಲ್ಪ ಎಳೆದಂತಿದೆ, ಒಮ್ಮೆ ನೋಡಬಹುದು’ ಎಂದು ಮುಗಿಸುತ್ತೇನೆ. ನಕ್ಷತ್ರ ಕೊಡಲು ಹೋದರೆ ಎಲ್ಲದಕ್ಕೂ ಮೂರೂವರೆ. ಕಾದಂಬರಿ ಆಧರಿಸಿದ ಸಿನಿಮಾ ಆದರಂತೂ ‘ಪುಸ್ತಕದಷ್ಟು ಚೆನ್ನಾಗಿಲ್ಲ’ ಎನ್ನುವುದು ಬಿಟ್ಟು ಬೇರೆ ಮಾತು ಹೊಳೆಯುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ. ಬರೆಯಲು ಕೂತಾಗ ನಿಮ್ಮ ಕೈಯಲ್ಲಿರುವುದು ಕಥೆ ಮತ್ತು ಒಟ್ಟಾರೆ ಒಂದು ಅನಿಸಿಕೆ, ಇವೆರಡೇ. ಕಥೆ ನೆನಪಿನಲ್ಲಿ ಸುಲಭವಾಗಿ ಉಳಿಯುತ್ತದೆ, ಏಕೆಂದರೆ ಒಂದು ಘಟನೆ ಇನ್ನೊಂದನ್ನು ಎಳೆದು ತರುತ್ತದೆ. ಆದರೆ ಯಾವ ದೃಶ್ಯದಲ್ಲಿ ಬೇಸರ ಶುರುವಾಯಿತು, ಯಾವ ಪುಟದಲ್ಲಿ ತಡೆದು ಹಿಂದಿನ ಸಾಲಿಗೆ ಹೋದಿರಿ, ಜಗಳದ ದೃಶ್ಯದಲ್ಲಿ ಕ್ಯಾಮೆರಾ ಯಾರ ಬೆನ್ನ ಹಿಂದೆ ಇತ್ತು ಎಂಬುದೆಲ್ಲ ಬೆಳಗಾಗುವಷ್ಟರಲ್ಲಿ ಹಾರಿಹೋಗಿರುತ್ತದೆ. ಉಳಿದದ್ದನ್ನು ಮಾತ್ರ ಬರೆಯಲು ಸಾಧ್ಯವಾದ್ದರಿಂದ ಕಥೆ ಬರೆಯುತ್ತೀರಿ. ಹಾಗಾಗಿ ಶೈಲಿ ತಿದ್ದುವ ಮೊದಲು ಟಿಪ್ಪಣಿಯ ರೂಢಿ ತಿದ್ದಿಕೊಳ್ಳಬೇಕು. ತೀರ್ಪಿನ ಪ್ರತಿ ಮಾತಿಗೂ ‘ಇಲ್ಲಿ’ ಎಂದು ಬೆರಳಿಟ್ಟು ತೋರಿಸಲು ಬರಬೇಕು: ಸಿನಿಮಾಕ್ಕೆ ನಿಮಿಷ, ಕಾದಂಬರಿಗೆ ಪುಟ.

ಚಿತ್ರಮಂದಿರದಲ್ಲಿ ಮೊಬೈಲ್ ತೆಗೆಯಬೇಡಿ. ಅದರ ಬೆಳಕು ಪಕ್ಕದವರ ಕಣ್ಣಿಗೂ ಚುಚ್ಚುತ್ತದೆ, ನಿಮ್ಮ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲೂ ಹೊತ್ತು ಬೇಕಾಗುತ್ತದೆ. ಅಂಗೈಯಗಲದ ಪುಸ್ತಕ, ಒಂದು ಪೆನ್ಸಿಲ್ ಸಾಕು. ಕತ್ತಲಲ್ಲಿ ಸಾಲಿನ ಮೇಲೆ ಸಾಲು ಬೀಳುತ್ತದೆ. ಆದ್ದರಿಂದ ಒಂದು ಹಾಳೆಗೆ ಒಂದೇ ವಿಷಯ, ದೊಡ್ಡ ಅಕ್ಷರದಲ್ಲಿ, ಮೂರು ನಾಲ್ಕು ಪದ. ಇಡೀ ಸಿನಿಮಾಕ್ಕೆ ಹತ್ತರಿಂದ ಹದಿನೈದು ಟಿಪ್ಪಣಿ. ಅದಕ್ಕಿಂತ ಹೆಚ್ಚಾದರೆ ನೀವು ನೋಡುತ್ತಿರುವುದು ಪರದೆಯನ್ನಲ್ಲ, ಪುಸ್ತಕವನ್ನು. ಕಥೆಯ ಘಟನೆಗಳನ್ನು ಬರೆದುಕೊಳ್ಳಬೇಡಿ, ಅವು ಹೇಗೂ ನೆನಪಿರುತ್ತವೆ. ಬರೆದುಕೊಳ್ಳಬೇಕಾದ್ದು ಇಂಥವು: ಗಮನ ತಪ್ಪಿದ ಗಳಿಗೆ, ನೆಟ್ಟಗೆ ಕೂತ ಗಳಿಗೆ, ಎರಡನೇ ಸಲ ಕಾಣಿಸಿಕೊಂಡ ವಸ್ತು ಅಥವಾ ಮಾತು, ‘ಇದೇನು ಹೀಗೆ ತೆಗೆದಿದ್ದಾರೆ’ ಅನ್ನಿಸಿದ ಶಾಟ್ (ಒಂದು ಕತ್ತರಿಯಿಂದ ಇನ್ನೊಂದು ಕತ್ತರಿಯವರೆಗಿನ ಚಿತ್ರಿಕೆ), ಅಕ್ಷರಶಃ ಬೇಕಾದ ಒಂದು ಸಂಭಾಷಣೆ. ಮನೆಯಲ್ಲಿ ನೋಡುವಾಗ ಪಾಜ್ ಒತ್ತದೆ ನಿಮಿಷವನ್ನಷ್ಟೇ ಗುರುತು ಹಾಕಿಕೊಳ್ಳಿ. ಪದೇಪದೇ ನಿಲ್ಲಿಸಿ ನೋಡಿದವರಿಗೆ ಸಿನಿಮಾದ ಓಟದ ಬಗ್ಗೆ ತೀರ್ಪು ಕೊಡುವ ಹಕ್ಕು ಇರುವುದಿಲ್ಲ, ಏಕೆಂದರೆ ಆ ಓಟವನ್ನು ಮುರಿದವರು ಅವರೇ.

ಸಿನಿಮಾ ಮುಗಿದು ಒಂದು ಗಂಟೆಯೊಳಗೆ ಹತ್ತು ನಿಮಿಷ ಕೂತು ಆ ತುಂಡು ಪದಗಳನ್ನು ಪೂರ್ತಿ ವಾಕ್ಯ ಮಾಡಿಕೊಳ್ಳಿ. ಈ ಹತ್ತು ನಿಮಿಷ ತಪ್ಪಿದರೆ ‘ಬಾಗಿಲು — ಮತ್ತೆ’ ಎಂದು ಬರೆದುಕೊಂಡದ್ದು ಏನೆಂದು ನಾಳೆ ನಿಮಗೇ ಗೊತ್ತಾಗುವುದಿಲ್ಲ. ಬೇರೆಯವರ ವಿಮರ್ಶೆಯನ್ನು ನಿಮ್ಮ ಮೊದಲ ಕರಡು ಮುಗಿಯುವವರೆಗೆ ಓದಬೇಡಿ. ಒಮ್ಮೆ ಓದಿದಿರೋ, ಅವರ ಪದಗಳೇ ನಿಮ್ಮ ಅನಿಸಿಕೆಯ ವೇಷ ಹಾಕಿಕೊಂಡು ಬರುತ್ತವೆ.

ಈಗ ‘ದ್ವಿತೀಯಾರ್ಧ ಎಳೆದಂತಿದೆ’ ಎಂಬ ಮಾತಿಗೆ ಬರೋಣ. ಹವ್ಯಾಸಿ ವಿಮರ್ಶೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ, ಅತಿ ಕಡಿಮೆ ಹೇಳುವ ವಾಕ್ಯ ಇದು. ಬೇಸರ ಬಂದ ಜಾಗದಲ್ಲೇ ದೋಷ ಇರುತ್ತದೆ ಎಂದು ತಿಳಿಯುವುದು ಇಲ್ಲಿನ ದೊಡ್ಡ ತಪ್ಪು. 85ನೇ ನಿಮಿಷದಲ್ಲಿ ಗಡಿಯಾರ ನೋಡಿದಿರಿ ಎಂದಿಟ್ಟುಕೊಳ್ಳಿ. ಕಾರಣ ಬಹುಪಾಲು ಅದಕ್ಕಿಂತ ಹತ್ತಿಪ್ಪತ್ತು ನಿಮಿಷ ಹಿಂದೆ ಇರುತ್ತದೆ. ಅಲ್ಲಿಗೆ ಹಿಂದಿರುಗಿ ಮೂರು ಪ್ರಶ್ನೆ ಹಾಕಿ. ಈ ಹೊತ್ತಿನಲ್ಲಿ ಮುಖ್ಯ ಪಾತ್ರಕ್ಕೆ ಏನು ಬೇಕು ಎಂದು ನಮಗೆ ಗೊತ್ತಿದೆಯೇ? ಈ ದೃಶ್ಯ ನಮಗೆ ತಿಳಿಯದ ಯಾವುದನ್ನಾದರೂ ಹೇಳುತ್ತಿದೆಯೇ? ಇದನ್ನು ತೆಗೆದುಹಾಕಿದರೆ ಮುಂದಿನ ಯಾವುದಾದರೂ ದೃಶ್ಯ ಅರ್ಥವಾಗದೆ ಹೋಗುತ್ತದೆಯೇ, ಅಥವಾ ಪಾತ್ರದ ಬಗ್ಗೆ ನಮ್ಮ ಅಭಿಪ್ರಾಯ ಬೇರೆಯಾಗುತ್ತದೆಯೇ? ಮೂರಕ್ಕೂ ‘ಇಲ್ಲ’ ಎಂದಾದರೆ ಎಳೆದದ್ದು ಅಲ್ಲೇ.

ಒಂದು ಕಾಲ್ಪನಿಕ ಉದಾಹರಣೆ. ಹೀಗೆ ಬರೆದರೆ ಓದುವವರಿಗೆ ಕೆಲಸಕ್ಕೆ ಬರುತ್ತದೆ: ‘ತಮ್ಮನೇ ಕಳ್ಳ ಎಂದು ಮಧ್ಯಂತರದ ಹೊತ್ತಿಗೇ ನಮಗೆ ತೋರಿಸಿಬಿಡುತ್ತಾರೆ. ಅಣ್ಣನಿಗೆ ಅದು ತಿಳಿಯಲು ಇನ್ನೂ ನಲವತ್ತು ನಿಮಿಷ ಹಿಡಿಯುತ್ತದೆ. ಆ ನಲವತ್ತು ನಿಮಿಷದಲ್ಲಿ ಅವನು ಮೂವರನ್ನು ಹುಡುಕಿಕೊಂಡು ಹೋಗಿ ವಿಚಾರಿಸುತ್ತಾನೆ. ಮೂವರೂ ನಾವು ಆಗಲೇ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ.’ ಇದನ್ನು ಓದಿದವರು ‘ಪರವಾಗಿಲ್ಲ, ನನಗೆ ಅಣ್ಣನ ಸಂಕಟ ನೋಡುವುದೇ ಇಷ್ಟ’ ಎಂದುಕೊಂಡು ಟಿಕೆಟ್ ತೆಗೆದುಕೊಳ್ಳಲೂಬಹುದು. ನಿಮ್ಮ ತೀರ್ಪನ್ನು ಒಪ್ಪದವರೂ ನಿಮ್ಮ ಬರಹದಿಂದ ತಮ್ಮ ನಿರ್ಧಾರಕ್ಕೆ ಬರಬಲ್ಲರಾದರೆ ವಿಮರ್ಶೆ ಗೆದ್ದಂತೆ.

ಪಾತ್ರಕ್ಕಿಂತ ಮೊದಲು ಪ್ರೇಕ್ಷಕರಿಗೆ ವಿಷಯ ತಿಳಿಯುವುದೇ ತಪ್ಪು ಎಂದು ಮಾತ್ರ ಬರೆದುಬಿಡಬೇಡಿ. ಫ್ರೆಂಚ್ ನಿರ್ದೇಶಕ ಟ್ರುಫೊ ಜೊತೆಗಿನ ಪ್ರಸಿದ್ಧ ಸಂವಾದದಲ್ಲಿ ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಇದಕ್ಕೆ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಡುತ್ತಾರೆ: ಬಾಂಬ್ ಇರುವುದು ನೋಡುವವರಿಗೆ ಗೊತ್ತಿಲ್ಲದಿದ್ದರೆ ಸಿಡಿದಾಗ 15 ಸೆಕೆಂಡಿನ ಬೆಚ್ಚು, ಗೊತ್ತಿದ್ದರೆ 15 ನಿಮಿಷದ ಕಾತರ. ಮೇಲಿನ ಕಥೆಯಲ್ಲಿ ಕೊರತೆ ಇರುವುದು ಬಾಂಬಿನದು. ಅಣ್ಣನಿಗೆ ವಿಷಯ ತಡವಾಗಿ ತಿಳಿದರೆ ಕಳೆದುಹೋಗುವುದು ಏನೂ ಇಲ್ಲ. ವಿಮರ್ಶೆಯಲ್ಲಿ ಬರೆಯಬೇಕಾದ ವಾಕ್ಯ ಅದು.

ಛಾಯಾಗ್ರಹಣದ ಬಗ್ಗೆ. ‘ಕಣ್ಣಿಗೆ ಹಬ್ಬ’ ಎಂದು ಬರೆಯುವಾಗ ಹೆಚ್ಚಿನವರು ಹೊಗಳುತ್ತಿರುವುದು ಬೆಟ್ಟವನ್ನೋ ಮಂಜನ್ನೋ ಹೊರತು ಕ್ಯಾಮೆರಾವನ್ನಲ್ಲ. ಛಾಯಾಗ್ರಾಹಕರ ಕೈಚಳಕ ಕಾಣಬೇಕಾದರೆ ನಾಲ್ಕು ಗೋಡೆಯೊಳಗಿನ ಸಾಧಾರಣ ಮಾತುಕತೆಯ ದೃಶ್ಯವೊಂದನ್ನು ಆರಿಸಿಕೊಳ್ಳಿ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿದೆಯೋ, ಮೇಲೋ ಕೆಳಗೋ? ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇದ್ದಾರೆಯೋ, ಒಬ್ಬೊಬ್ಬರನ್ನೇ ಬೇರೆಬೇರೆ ತೋರಿಸುತ್ತಾರೆಯೋ? ಮಾತು ಬಿಗಡಾಯಿಸಿದ ಹಾಗೆ ಈ ವ್ಯವಸ್ಥೆ ಬದಲಾಯಿತೇ? ಬೆಳಕು ಎಲ್ಲಿಂದ ಬರುತ್ತಿದೆ, ಯಾರ ಮುಖ ಅರ್ಧ ನೆರಳಲ್ಲಿದೆ? ಇದರಲ್ಲಿ ಒಂದಕ್ಕೆ ಸರಿಯಾದ ಉತ್ತರ ಸಿಕ್ಕರೂ ಒಂದು ಪ್ಯಾರಾ ತಾನಾಗಿ ಬರುತ್ತದೆ.

ಸಂಕಲನಕ್ಕೆ ಎಣಿಕೆಯ ಉಪಾಯವಿದೆ. ಎರಡು ನಿಮಿಷದ ಒಂದು ತುಣುಕು ತೆಗೆದುಕೊಂಡು ಎಷ್ಟು ಶಾಟ್ ಇವೆ ಎಂದು ಎಣಿಸಿ. 120 ಸೆಕೆಂಡಿಗೆ 40 ಶಾಟ್ ಇದ್ದರೆ ಸರಾಸರಿ 3 ಸೆಕೆಂಡಿಗೊಂದು ಕತ್ತರಿ. 8 ಇದ್ದರೆ 15 ಸೆಕೆಂಡಿಗೊಂದು. ಹೊಡೆದಾಟದ ಒಂದು ತುಣುಕು, ಮನೆಯ ಮಾತಿನ ಒಂದು ತುಣುಕು ಎಣಿಸಿದರೆ ಆ ಸಿನಿಮಾದ ನಾಡಿ ಸಿಗುತ್ತದೆ. ಎರಡರಲ್ಲೂ 3 ಸೆಕೆಂಡೇ ಬಂದರೆ ನಿಮಗೆ ಯಾಕೆ ದಣಿವಾಯಿತು ಎಂಬುದಕ್ಕೆ ಉತ್ತರ ಅಲ್ಲೇ ಇರಬಹುದು. ಆದರೆ ಉದ್ದನೆಯ ಶಾಟ್ ಎಂದರೆ ಎಳೆತ ಎಂದಲ್ಲ. ಒಂದೇ ಶಾಟಿನೊಳಗೆ ಹೊಸ ಮಾಹಿತಿ ಬರುತ್ತಲೇ ಇದ್ದರೆ ಮೂರು ನಿಮಿಷವೂ ಚುರುಕಾಗಿರುತ್ತದೆ. ‘ಸಂಕಲನಕಾರರು ಇನ್ನಷ್ಟು ಕತ್ತರಿ ಆಡಿಸಬೇಕಿತ್ತು’ ಎಂಬ ಸಿದ್ಧ ಸಾಲನ್ನು ಬಿಟ್ಟುಬಿಡುವುದು ಒಳ್ಳೆಯದು. ದೃಶ್ಯ ಉಳಿಸುವ ಕೊನೆಯ ಮಾತು ಎಷ್ಟೋ ಸಲ ನಿರ್ದೇಶಕರದೋ ನಿರ್ಮಾಪಕರದೋ ಆಗಿರುತ್ತದೆ. ದೃಶ್ಯ ಬೇಡವಾಗಿತ್ತು ಎನ್ನಿ, ತಪ್ಪು ಯಾರದೆಂದು ಊಹಿಸಬೇಡಿ.

ನಟನೆಯ ಬಗ್ಗೆ ಬರೆಯುವುದು ಎಲ್ಲಕ್ಕಿಂತ ಕಷ್ಟ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನಪಿರಬೇಕು. ನಟನೊಬ್ಬನ ಒಂದೇ ನಿರ್ಭಾವ ಮುಖದ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಜೋಡಿಸಿದಾಗ ನೋಡಿದವರು ಆ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರಂತೆ. ಅಂದರೆ ‘ಕಣ್ಣಲ್ಲೇ ಅಭಿನಯಿಸಿದ್ದಾರೆ’ ಎಂದು ನಾವು ಹೊಗಳುವುದರಲ್ಲಿ ಸಂಕಲನದ ಪಾಲೂ ಇರಬಹುದು. ನಟರದ್ದೇ ಎಂದು ಖಾತ್ರಿಯಾಗಿ ಹೇಳಬಹುದಾದ್ದು ಎರಡು ಕಡೆ ಸಿಗುತ್ತದೆ: ಕತ್ತರಿ ಬೀಳದ ಅರ್ಧ ನಿಮಿಷಕ್ಕಿಂತ ಉದ್ದನೆಯ ಶಾಟಿನಲ್ಲಿ, ಮತ್ತು ಎದುರಿನವರು ಮಾತಾಡುವಾಗ ಇವರು ಕೇಳಿಸಿಕೊಳ್ಳುವ ರೀತಿಯಲ್ಲಿ. ಕೈ ಏನು ಮಾಡುತ್ತಿತ್ತು, ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ತಡೆದರು ಎಂದು ಬರೆಯಿರಿ. ‘ಪಾತ್ರಕ್ಕೆ ಜೀವ ತುಂಬಿದ್ದಾರೆ’, ‘ನ್ಯಾಯ ಒದಗಿಸಿದ್ದಾರೆ’ ಎಂಬವು ಆಮೇಲೆ ಬೇಕೆನಿಸುವುದೇ ಇಲ್ಲ. ಡಬ್ ಆದ ಆವೃತ್ತಿ ನೋಡಿದ್ದರೆ ಅದನ್ನು ಹೇಳಲೇಬೇಕು, ಧ್ವನಿ ಬೇರೆಯವರದು.

ಹಿನ್ನೆಲೆ ಸಂಗೀತಕ್ಕೆ ಒಂದೇ ಪರೀಕ್ಷೆ ಸಾಕು: ಭಾವ ಬಂದ ಮೇಲೆ ಸಂಗೀತ ಬಂತೋ, ಸಂಗೀತ ಬಂದು ಭಾವಕ್ಕೆ ಅಪ್ಪಣೆ ಕೊಟ್ಟಿತೋ? ಅನುಮಾನವಿದ್ದರೆ ಆ ದೃಶ್ಯವನ್ನು ಸದ್ದಿಲ್ಲದೆ ಒಮ್ಮೆ ನೋಡಿ.

ಕಾದಂಬರಿಯ ಟಿಪ್ಪಣಿ ಇದಕ್ಕಿಂತ ಸುಲಭ, ಏಕೆಂದರೆ ಪುಸ್ತಕ ಕಾಯುತ್ತದೆ. ಬುಕ್‌ಮಾರ್ಕ್ ಆಗಿ ಒಂದು ಬಿಳಿ ಚೀಟಿ ಇಟ್ಟುಕೊಂಡು ಅದರ ಮೇಲೆಯೇ ಪುಟದ ಸಂಖ್ಯೆ, ಪಕ್ಕದಲ್ಲಿ ಎರಡು ಪದ ಬರೆಯುತ್ತಾ ಹೋಗಿ. ಎರವಲು ಪುಸ್ತಕವಾದರೂ ಹಾಳಾಗುವುದಿಲ್ಲ. ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪುಟದ ಲೆಕ್ಕವೂ ಬದಲಾಗಬಹುದು. ಅಲ್ಲಿ ಅಧ್ಯಾಯದ ಸಂಖ್ಯೆ ಬರೆದುಕೊಳ್ಳಿ. ಯಾವ ಮುದ್ರಣ ಓದಿದಿರಿ ಎಂಬುದನ್ನು ವಿಮರ್ಶೆಯ ತಲೆಯಲ್ಲೇ ಹಾಕಿ.

ಕಾದಂಬರಿಯಲ್ಲಿ ಮೊದಲು ಹಿಡಿಯಬೇಕಾದ್ದು ‘ಇದನ್ನು ಯಾರು ಹೇಳುತ್ತಿದ್ದಾರೆ, ಅವರಿಗೆ ಇದು ಹೇಗೆ ಗೊತ್ತು’ ಎಂಬುದನ್ನು. ‘ನಾನು’ ಎಂದು ಶುರುವಾದ ಕಥೆಯಲ್ಲಿ ಆ ‘ನಾನು’ ಇಲ್ಲದ ಕೋಣೆಯ ಮಾತು ವಿವರವಾಗಿ ಬಂದರೆ ಅದು ಲೇಖಕರ ಎಡವಟ್ಟೋ, ನಿರೂಪಕ ಕಟ್ಟಿ ಹೇಳುತ್ತಿರುವ ಸುಳ್ಳೋ ಎಂದು ಯೋಚಿಸಬೇಕು. ನಿರೂಪಕನ ಅಭಿಪ್ರಾಯಗಳನ್ನು ಲೇಖಕರ ತಲೆಗೆ ಕಟ್ಟುವುದು ಹವ್ಯಾಸಿಗಳು ಮಾಡುವ ಅತಿ ಸಾಮಾನ್ಯ ತಪ್ಪು. ಜಾತಿವಾದಿಯೋ ಸ್ತ್ರೀದ್ವೇಷಿಯೋ ಆದ ನಿರೂಪಕನ ಬಾಯಲ್ಲಿ ಬಂದ ಮಾತಿಗೆ ‘ಲೇಖಕರು ಹೀಗೆ ಬರೆಯಬಾರದಿತ್ತು’ ಎನ್ನುವ ಮುಂಚೆ, ಕಥೆ ಅವನನ್ನು ನಂಬುತ್ತಿದೆಯೇ, ಮುಂದಿನ ಘಟನೆಗಳು ಅವನನ್ನು ಸುಳ್ಳಾಗಿಸುತ್ತವೆಯೇ ಎಂದು ನೋಡಿ.

ಎರಡನೆಯದು, ಪುಟ ಮತ್ತು ಕಾಲದ ಲೆಕ್ಕ. 300 ಪುಟದ ಕಾದಂಬರಿಯಲ್ಲಿ ಒಂದು ಸಂಜೆಗೆ 40 ಪುಟ, ಮುಂದಿನ ಹತ್ತು ವರ್ಷಕ್ಕೆ 3 ಪುಟ ಕೊಟ್ಟಿದ್ದರೆ ಲೇಖಕರ ದೃಷ್ಟಿಯಲ್ಲಿ ಯಾವುದು ಮುಖ್ಯ ಎಂಬುದು ಅಲ್ಲೇ ಗೊತ್ತಾಗುತ್ತದೆ. ‘ಕೊನೆ ಅವಸರದ್ದು’ ಎನ್ನಿಸಿದಾಗಲೂ ಇದೇ ಲೆಕ್ಕ ಮಾಡಿ ನೋಡಿ. ಪುಟ ಕಡಿಮೆಯಾಗಿ ಅವಸರ ಅನ್ನಿಸಿತೋ ಅಥವಾ ಅಲ್ಲಿಯವರೆಗೆ ದೃಶ್ಯವಾಗಿ ತೋರಿಸುತ್ತಿದ್ದವರು ಕೊನೆಯಲ್ಲಿ ವರದಿ ಒಪ್ಪಿಸಿದ್ದಕ್ಕೆ ಹಾಗನ್ನಿಸಿತೋ ಸ್ಪಷ್ಟವಾಗುತ್ತದೆ.

ಪಾತ್ರಗಳ ಬಗ್ಗೆ ‘ಗಟ್ಟಿಯಾಗಿ ಮೂಡಿಬಂದಿಲ್ಲ’ ಎಂದು ಬರೆಯುವ ಮುಂಚೆ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರ ತಮ್ಮ ಉಪನ್ಯಾಸಗಳಲ್ಲಿ ಹೇಳಿದ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ದುಂಡು ಪಾತ್ರ ನಮ್ಮನ್ನು ಅಚ್ಚರಿಗೊಳಿಸಬಲ್ಲದು, ಆ ಅಚ್ಚರಿ ನಂಬುವಂತೆಯೂ ಇರುತ್ತದೆ. ಎಂದೂ ಅಚ್ಚರಿಗೊಳಿಸದಿದ್ದರೆ ಅದು ಚಪ್ಪಟೆ. ಅಚ್ಚರಿಗೊಳಿಸಿಯೂ ನಂಬಿಕೆ ಬರದಿದ್ದರೆ ದುಂಡಿನ ನಟನೆ ಮಾಡುವ ಚಪ್ಪಟೆ. ಚಪ್ಪಟೆ ಎಂಬುದು ಬೈಗುಳವಲ್ಲ ಎಂಬುದನ್ನೂ ಅವರೇ ಹೇಳಿದ್ದಾರೆ. ಹಾಸ್ಯಕ್ಕೆ ಅಂಥವೇ ಬೇಕು.

ಉದ್ಧರಣೆ ಒಂದಾದರೂ ಇರಲಿ, ಎರಡು ಮೂರು ವಾಕ್ಯದ್ದು. ಪುಸ್ತಕದ ಅತಿ ಚೆಂದದ ಸಾಲನ್ನು ಕೊಡುವ ಆಸೆಯಾಗುತ್ತದೆ, ಆದರೆ ಅದರ ಸಾಧಾರಣ ಗದ್ಯ ಹೇಗಿದೆ ಎಂದು ತೋರಿಸುವ ಭಾಗವೇ ಓದುಗರಿಗೆ ಹೆಚ್ಚು ಪ್ರಾಮಾಣಿಕ ಮಾದರಿ. ಅನುವಾದ ಓದಿದ್ದರೆ ಭಾಷೆಯ ಹೊಗಳಿಕೆ ತೆಗಳಿಕೆ ಎರಡನ್ನೂ ಮೂಲ ಲೇಖಕರ ಲೆಕ್ಕಕ್ಕೆ ಹಾಕಬೇಡಿ, ಅನುವಾದಕರ ಹೆಸರು ಬಿಡಬೇಡಿ. ಅರ್ಧಕ್ಕೆ ನಿಲ್ಲಿಸಿದ ಪುಸ್ತಕದ ಬಗ್ಗೆಯೂ ಬರೆಯಬಹುದು, ಎಷ್ಟನೇ ಪುಟಕ್ಕೆ ನಿಲ್ಲಿಸಿದಿರಿ ಎಂದು ಮೊದಲೇ ಹೇಳಿ.

ಕಥಾಸಾರ ಎಷ್ಟಿರಬೇಕು? 800 ಪದದ ವಿಮರ್ಶೆಯಲ್ಲಿ 150ರಿಂದ 200 ಪದ ಮೀರದಿದ್ದರೆ ಸಾಕು. ಮೊದಲ ದೊಡ್ಡ ತಿರುವಿನಲ್ಲಿ ನಿಲ್ಲಿಸಿ. ಎರಡು ಗಂಟೆಯ ಸಿನಿಮಾದಲ್ಲಿ ಅದು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೆ ಬರುತ್ತದೆ, ಕಾದಂಬರಿಯಲ್ಲಿ ಮೊದಲ ಕಾಲು ಭಾಗದೊಳಗೆ. ಸ್ಪಾಯ್ಲರ್ (ಕಥೆಯ ಗುಟ್ಟನ್ನು ಮೊದಲೇ ಬಯಲು ಮಾಡುವ ಮಾತು) ಕುರಿತು ಅತಿಯಾದ ಭಯವೂ ಬೇಡ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಣ್ಣಕಥೆಯ ಕೊನೆಯನ್ನು ಮೊದಲೇ ತಿಳಿದು ಓದಿದವರೇ ಒಟ್ಟಾರೆ ಅದನ್ನು ಹೆಚ್ಚು ಮೆಚ್ಚಿಕೊಂಡಿದ್ದರು. ಹಾಗೆಂದು ಕೊನೆ ಹೇಳಿಬಿಡುವ ಪರವಾನಗಿ ಸಿಕ್ಕಂತಲ್ಲ. ತಿಳಿಯಬೇಕೋ ಬೇಡವೋ ಎಂಬ ಆಯ್ಕೆ ಓದುವವರದು. ಕೊನೆಯನ್ನು ಚರ್ಚಿಸಲೇಬೇಕಾದರೆ ಅದಕ್ಕೆಂದೇ ಬೇರೆ ಭಾಗ ಮಾಡಿ, ಮೇಲೆ ಎಚ್ಚರಿಕೆ ಹಾಕಿ. ‘ಕೊನೆಯಲ್ಲಿ ಭಾರೀ ತಿರುವಿದೆ, ಹೇಳುವುದಿಲ್ಲ’ ಎಂಬುದೂ ಸ್ಪಾಯ್ಲರೇ. ಅದನ್ನು ಓದಿದವರು ಮೊದಲ ದೃಶ್ಯದಿಂದಲೇ ಎಲ್ಲರನ್ನೂ ಅನುಮಾನಿಸುತ್ತಾ ಕೂರುತ್ತಾರೆ.

ಇನ್ನು ಮೂರೂವರೆ ನಕ್ಷತ್ರ. ಸಿನಿಮಾಗಳಿಗೆ ನಕ್ಷತ್ರ ಕೊಡುವ ರೂಢಿ 1928ರಲ್ಲಿ ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯಲ್ಲೇ ಕಾಣಿಸಿಕೊಂಡಿತ್ತು. ಅಂದಿನಿಂದಲೂ ಇದರ ತಕರಾರು ಮುಗಿದಿಲ್ಲ. ನೀವು ಬಹುಶಃ ಕಥೆಗೆ 4, ನಟನೆಗೆ 4, ಸಂಗೀತಕ್ಕೆ 3, ಸಂಕಲನಕ್ಕೆ 3 ಎಂದು ಕೊಟ್ಟು ಸರಾಸರಿ ತೆಗೆಯುತ್ತಿದ್ದೀರಿ. ಬರೆದು ಮಾಡದಿದ್ದರೂ ಮನಸ್ಸಿನಲ್ಲಿ ನಡೆಯುವುದು ಇದೇ. ಸರಾಸರಿಯ ಗುಣವೇ ನಡುವಿಗೆ ಎಳೆಯುವುದು: ನಾಲ್ಕೈದು ವಿಭಾಗ ಮಾಡಿದಷ್ಟೂ ಎಲ್ಲ ಕೃತಿಗಳೂ 3ರಿಂದ 4ರ ನಡುವೆ ಬಂದು ಗುಂಪುಗೂಡುತ್ತವೆ. ವಿಭಾಗಗಳನ್ನು ಕೈಬಿಡಿ. ನೀವು ಆಗಲೇ ನೋಡಿದ, ಓದಿದವುಗಳಲ್ಲಿ ಒಂದೊಂದು ಅಂಕಕ್ಕೆ ಒಂದೊಂದು ಕೃತಿಯನ್ನು ಅಳತೆಗಲ್ಲಾಗಿ ನಿಲ್ಲಿಸಿ, ಹೊಸದನ್ನು ‘ಇದಕ್ಕಿಂತ ಮೇಲೋ ಕೆಳಗೋ’ ಎಂದು ಅವುಗಳೊಂದಿಗೆ ಹೋಲಿಸಿ. ಐದರ ಬದಲು ನಾಲ್ಕು ಮೆಟ್ಟಿಲಿನ ಅಳತೆ ಇಟ್ಟುಕೊಂಡು ಅರ್ಧ ಅಂಕ ತೆಗೆದುಹಾಕಿದರೆ ನಡುವೆ ಅಡಗಿ ಕೂರಲು ಜಾಗವೇ ಇರುವುದಿಲ್ಲ.

ಅಂಕವನ್ನು ವಿಮರ್ಶೆ ಬರೆದ ಮೇಲೆ, ಸಾಧ್ಯವಾದರೆ ವಾರ ಬಿಟ್ಟು ಕೊಡಿ. ಅನುಭವವೊಂದನ್ನು ನೆನೆಯುವಾಗ ಅದರ ತುತ್ತತುದಿ ಮತ್ತು ಕೊನೆ ಮಿಕ್ಕೆಲ್ಲವನ್ನೂ ಮುಚ್ಚಿಹಾಕುತ್ತವೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಕ್ಲೈಮ್ಯಾಕ್ಸಿನ ಅಬ್ಬರ ಇಳಿಯುವ ಮುಂಚೆ ಕೊಟ್ಟ ಅಂಕ ಕ್ಲೈಮ್ಯಾಕ್ಸಿಗೆ ಕೊಟ್ಟದ್ದೇ ಹೊರತು ಸಿನಿಮಾಕ್ಕಲ್ಲ. ಅಂದಹಾಗೆ, ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್ ತೋರಿಸುವ ಶೇಕಡಾವಾರು ಸಂಖ್ಯೆ ಅಂಕವಲ್ಲ. ಎಷ್ಟು ಪಾಲು ವಿಮರ್ಶಕರು ‘ಪರವಾಗಿಲ್ಲ’ದಿಂದ ಮೇಲಕ್ಕೆ ಹೇಳಿದರು ಎಂಬ ಲೆಕ್ಕ ಅದು. ಎಲ್ಲರೂ ಸುಮಾರಾಗಿ ಮೆಚ್ಚಿದ ಸಿನಿಮಾಕ್ಕೂ ಅಲ್ಲಿ 100 ಬರಬಹುದು. ಅದನ್ನು ನಿಮ್ಮ ನಕ್ಷತ್ರದೊಂದಿಗೆ ತಾಳೆ ನೋಡಬೇಡಿ.

ಕೊನೆಯ ಪ್ರಶ್ನೆ, ಕಾದಂಬರಿ ಸಿನಿಮಾ ಆದಾಗ. ‘ಅದು ಬಿಟ್ಟಿದ್ದಾರೆ, ಇದು ಬಿಟ್ಟಿದ್ದಾರೆ’ ಎಂಬ ಪಟ್ಟಿ ವಿಮರ್ಶೆಯಾಗುವುದಿಲ್ಲ. ಆರೆಂಟು ಗಂಟೆ ಓದಿಸುವ ಪುಸ್ತಕ ಎರಡು ಗಂಟೆಯಲ್ಲಿ ಹಿಡಿಸಬೇಕಾದರೆ ಮುಕ್ಕಾಲು ಪಾಲು ಹೋಗಲೇಬೇಕು. ಕೇಳಬೇಕಾದ್ದು, ಹೋದದ್ದರ ಕೆಲಸವನ್ನು ಈಗ ಯಾವುದು ಮಾಡುತ್ತಿದೆ ಎಂದು. ಪುಸ್ತಕದಲ್ಲಿ ಹತ್ತು ಪುಟ ನಡೆಯುವ ಮನಸ್ಸಿನೊಳಗಿನ ಮಾತು ಸಿನಿಮಾದಲ್ಲಿ ಎಲ್ಲಿಗೆ ಹೋಯಿತು? ಹಿನ್ನೆಲೆ ಧ್ವನಿಯಾಯಿತೇ, ಮನಸ್ಸು ಬಿಚ್ಚಿ ಹೇಳಿಕೊಳ್ಳಲೆಂದೇ ಒಬ್ಬ ಸ್ನೇಹಿತ ಹುಟ್ಟಿಕೊಂಡನೇ, ಒಂದು ವಸ್ತುವಾಯಿತೇ, ಅಥವಾ ಸುಮ್ಮನೆ ಮಾಯವಾಯಿತೇ? ಇಬ್ಬರನ್ನು ಸೇರಿಸಿ ಒಂದು ಪಾತ್ರ ಮಾಡಿದ್ದರೆ ಅವರಿಬ್ಬರ ನಡುವೆ ಇದ್ದ ಜಗಳ ಎಲ್ಲಿ ಹೋಯಿತು?

ಕೈಗೆ ಸಿಗುವ ವಿಧಾನ ಇದು: ಎರಡರಲ್ಲೂ ಇರುವ ಒಂದೇ ಒಂದು ದೃಶ್ಯ ಆರಿಸಿ. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಯಾರ್ಯಾರು ಇದ್ದಾರೆ, ಯಾವ ವಿಷಯ ಯಾರಿಗೆ ತಿಳಿಯುತ್ತದೆ ಎಂದು ಪುಸ್ತಕದಿಂದ ಅರ್ಧ ಪುಟ, ಸಿನಿಮಾದಿಂದ ಅರ್ಧ ಪುಟ ಬರೆದುಕೊಳ್ಳಿ. ಸಿನಿಮಾ ಸಾಮಾನ್ಯವಾಗಿ ದೃಶ್ಯದೊಳಕ್ಕೆ ತಡವಾಗಿ ಬಂದು ಬೇಗ ಎದ್ದುಹೋಗುತ್ತದೆ. ಉಳಿದ ವ್ಯತ್ಯಾಸಗಳಲ್ಲಿ ಒಂದಾದರೂ ಅರ್ಥವನ್ನೇ ಬದಲಿಸಿರುತ್ತದೆ, ವಿಮರ್ಶೆಯ ಬೆನ್ನೆಲುಬು ಅದೇ. ಮೂಲಕ್ಕೆ ನಿಷ್ಠೆ ಎಂಬುದೊಂದೇ ಅಳತೆಯಲ್ಲ ಎಂಬುದಕ್ಕೆ ಜಪಾನಿ ನಿರ್ದೇಶಕ ಕುರೊಸಾವಾರ 1950ರ ಸಿನಿಮಾ ‘ರಾಶೊಮೊನ್’ ಸಾಕ್ಷಿ: ಹೆಸರು ಮತ್ತು ಹೆಬ್ಬಾಗಿಲು ಜಪಾನಿ ಲೇಖಕ ಅಕುತಾಗವಾರ ಒಂದು ಸಣ್ಣಕಥೆಯವು, ಕೊಲೆಯ ನಾಲ್ಕಾರು ಸಾಕ್ಷ್ಯಗಳು ಅವರದ್ದೇ ಇನ್ನೊಂದು ಕಥೆಯವು.

ಪುಸ್ತಕ ಮೊದಲೋ ಸಿನಿಮಾ ಮೊದಲೋ ಎಂಬುದನ್ನು ವಿಮರ್ಶೆಯಲ್ಲಿ ಒಂದು ವಾಕ್ಯದಲ್ಲಿ ಹೇಳಿಬಿಡಿ. ಮೊದಲು ಓದಿದವರ ಮನಸ್ಸಿನಲ್ಲಿ ಪಾತ್ರಗಳಿಗೆ ಆಗಲೇ ಮುಖ ಬಂದಿರುತ್ತದೆ. ಪರದೆಯ ಮೇಲಿನ ಮುಖ ಅದಕ್ಕೆ ಹೊಂದದಿದ್ದರೆ ಆ ಕಿರಿಕಿರಿ ನಟನೆಯ ಮೇಲಿನ ದೂರಾಗಿ ಹೊರಬರುತ್ತದೆ.

ಹಳೆಯ ವಿಮರ್ಶೆಗಳನ್ನು ಎಸೆಯಬೇಕಿಲ್ಲ. ಒಂದನ್ನು ತೆಗೆದು ‘ಚೆನ್ನಾಗಿದೆ’, ‘ಅದ್ಭುತ’, ‘ಎಳೆದಂತಿದೆ’, ‘ಮನಮುಟ್ಟುತ್ತದೆ’ ಎಂಬಂಥ ಪದಗಳಿಗೆಲ್ಲ ಅಡಿಗೆರೆ ಹಾಕಿ. ಪ್ರತಿಯೊಂದರ ಪಕ್ಕ ನಿಮಿಷವನ್ನೋ ಪುಟವನ್ನೋ ಬರೆಯಲು ನೋಡಿ. ಬರೆಯಲು ಬಾರದವನ್ನು ಹೊಡೆದುಹಾಕಿ, ಬಂದವುಗಳಲ್ಲಿ ಎರಡನ್ನು ಮಾತ್ರ ಇಟ್ಟುಕೊಂಡು ಅಷ್ಟು ಭಾಗವನ್ನು ಮತ್ತೆ ನೋಡಿ ಅಥವಾ ಓದಿ. ಅವೆರಡರ ಸುತ್ತಲೇ 600 ಪದ ಬರೆಯಬಹುದು.